ಇಪ್ಪತ್ತು ಅಕ್ಷರದ ಸೀರಿಯಲ್ ನಂಬರು

ನಾನು ನಿವೃತ್ತನಾದ ಮರುವಾರ ನನ್ನ ಹೆಂಡತಿ ಚಾ ಕೊಡುತ್ತಾ ಕೇಳಿದಳು: “ಇಷ್ಟು ವರ್ಷ ಗಾಂಧಿನಗರದ ಆಫೀಸಿಗೆ ಹೋಗಿ ಬಂದ್ರಿ. ಅಲ್ಲಿ ಏನ್ ಮಾಡ್ತಿದ್ರಿ ಅಂತ ಇವತ್ತಿಗೂ ನನಗ ಗೊತ್ತಿಲ್ಲ. ಯಾರರ ಕೇಳಿದ್ರ ಕಂಪ್ಯೂಟರ್ ಕೆಲಸ ಅಂತೀನಿ. ಖರೇ ಏನದು?”

ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಅವಳು, “ಅಂದ್ರ ಬ್ಯಾರೇದವರು ಮಾಡಿದ್ದರಾಗ ತಪ್ಪು ಹುಡುಕೋದು,” ಎಂದಳು. ಹೆಚ್ಚುಕಡಿಮೆ ಸರಿ. ಆದರೆ ನನ್ನದೇ ತಪ್ಪು ನನಗೆ ಸಿಕ್ಕದೆ ಹೋದ ಒಂದು ಸಂಗತಿಯನ್ನು ಅವಳಿಗೆ ಹೇಳಲಿಲ್ಲ. ಈ ಕೆಲಸಕ್ಕೆ ಈಗ ಬರುತ್ತಿರುವವರಿಗೆ ಅದು ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಎರ್ರಿಸ್ವಾಮಿ, ಊರು ಕುರುಗೋಡು. ಮೊದಲು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದೆ. ಅಂಗಡಿ ಖಾಜಾ ಎಂಬ ಗೆಳೆಯನದು. ಇಬ್ಬರೂ ಹೊಟ್ಟಿನ ದೂಳು ತುಂಬಿದ ಕಂಪ್ಯೂಟರುಗಳನ್ನು ಬಿಚ್ಚಿ ಊದಿ ಜೋಡಿಸುತ್ತಾ ಹತ್ತು ವರ್ಷ ಕಳೆದೆವು. ಆಮೇಲೆ ಬಳ್ಳಾರಿಯದೇ ಗಾಂಧಿನಗರದಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಒಂದು ಸಣ್ಣ ಸಂಸ್ಥೆ ತೆರೆಯಿತು. ಹಾರ್ಡ್‌ವೇರ್ ಬಲ್ಲವನೊಬ್ಬ ಬೇಕೆಂದು ನನ್ನನ್ನು ಕರೆದರು. ನನಗಾಗ ನಲವತ್ತು ದಾಟಿತ್ತು.

ಬೇರೆ ಊರಿನ ಒಂದು ಕಂಪನಿ ಮಾಡುತ್ತಿದ್ದ ವರ್ಚುವಲ್ ಮಷಿನ್ ಸಾಫ್ಟ್‌ವೇರನ್ನು ನಾವು ಪರೀಕ್ಷಿಸುತ್ತಿದ್ದೆವು. ಒಂದು ದೊಡ್ಡ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ನಾಲ್ಕೈದು ಕಂಪ್ಯೂಟರ್ ಕಟ್ಟುವುದು ಅದರ ಕೆಲಸ. ಒಳಗಿನ ಪ್ರತಿಯೊಂದು ಕಂಪ್ಯೂಟರೂ ತನಗೆ ಸ್ವಂತ ಡಿಸ್ಕ್ ಇದೆಯೆಂದು ತಿಳಿದಿರುತ್ತದೆ. ವಾಸ್ತವದಲ್ಲಿ ಅದು ಹೊರಗಿನ ಕಂಪ್ಯೂಟರಿನಲ್ಲಿರುವ ಒಂದು ಫೈಲು ಅಷ್ಟೆ. ನಿಜವಾದ ಡಿಸ್ಕಿಗೆ ಕಾರ್ಖಾನೆಯಲ್ಲೇ ಒಂದು ಸೀರಿಯಲ್ ನಂಬರು ಕೊಟ್ಟಿರುತ್ತಾರೆ. ಕಂಪ್ಯೂಟರು ಕೇಳಿದರೆ ಡಿಸ್ಕು ಅದನ್ನು ಹೇಳುತ್ತದೆ. ಫೈಲಿಗೆ ಅಂಥ ನಂಬರಿಲ್ಲ, ನಾವೇ ಕೊಡಬೇಕು. ಹೊರಗೆ ಕೊಟ್ಟ ನಂಬರು ಒಳಗೆ ಹಾಗೆಯೇ ತಲುಪುತ್ತದೆಯೇ ಎಂದು ನೋಡುವುದು ನನ್ನ ಪಾಲಿಗೆ ಬಂದ ಕೆಲಸ.

ಇಷ್ಟು ಸಣ್ಣ ವಿಷಯವನ್ನು ಇಷ್ಟು ವರ್ಷ ಏನು ಪರೀಕ್ಷಿಸುವುದು ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಸಿರುಗುಪ್ಪದ ಒಂದು ಅಕ್ಕಿ ಗಿರಣಿ ಆ ಭಾವನೆಯನ್ನು ಬಿಡಿಸಿತು. ಗಿರಣಿಯ ಲಾರಿ ತೂಕದ ಪ್ರೋಗ್ರಾಮು ತನ್ನ ಡಿಸ್ಕಿನ ಸೀರಿಯಲ್ ನಂಬರು ನೋಡಿದ ಮೇಲೆಯೇ ತೆರೆದುಕೊಳ್ಳುತ್ತಿತ್ತು. ಡಿಸ್ಕು ಸತ್ತಿತು, ಪ್ರೋಗ್ರಾಮು ಮಾಡಿಕೊಟ್ಟವರು ಎಂದೋ ಅಂಗಡಿ ಮುಚ್ಚಿದ್ದರು. ರಿಪೇರಿ ಕಾಲದ ಗುರುತಿನಿಂದ ನನ್ನನ್ನು ಕರೆದರು. ಅವರ ಬಳಿಯಿದ್ದ ಸಿ.ಡಿ.ಯಿಂದ ಪ್ರೋಗ್ರಾಮನ್ನು ವರ್ಚುವಲ್ ಮಷಿನ್ನಿಗೆ ಹಾಕಿ, ಹಳೆಯ ಡಿಸ್ಕಿನ ಚೀಟಿಯಲ್ಲಿದ್ದ ಎಂಟು ಅಕ್ಷರದ ನಂಬರು ಕೊಟ್ಟೆ. ತೆರೆಯಲಿಲ್ಲ. ಮತ್ತೆ ಕೊಟ್ಟೆ. ಗಿರಣಿಯ ಗೇಟಿನಾಚೆ ಭತ್ತದ ಲಾರಿಗಳು ಸಾಲುಗಟ್ಟಿದ್ದವು. ಗುಮಾಸ್ತ ನನ್ನ ಹಿಂದೆಯೇ ನಿಂತಿದ್ದ.

“ನಂಬರ್ ತಪ್ಪು ಓದೀರೇನ್ರಿ?”

“ಇಲ್ರೀ, ಸರಿ ಐತಿ.”

“ಸರಿ ಇದ್ರ ಯಾಕ ತೆರೀವಲ್ದು?”

ಖಾಜಾಗೆ ಫೋನ್ ಮಾಡಿ, ಅದೇ ಮಾದರಿಯ ಹಳೆಯ ಡಿಸ್ಕು ಅಂಗಡಿಯಲ್ಲಿದ್ದರೆ ಜೋಡಿಸಿ ನೋಡು ಎಂದೆ. ಅವನು ನೋಡಿ ಹೇಳಿದ: “ಭಾಯ್, ಚೀಟಿ ಮ್ಯಾಲೆ ಎಂಟು ಅಕ್ಷರ ಅದಾವ. ಆದ್ರ ಡಿಸ್ಕ್ ಹೇಳೋದು ಇಪ್ಪತ್ತು. ಮುಂದಿನ ಹನ್ನೆರಡು ಖಾಲಿ ಜಾಗ.” ಆ ಡಿಸ್ಕಿನಲ್ಲಿ ನಂಬರಿಗೆಂದು ಇಪ್ಪತ್ತು ಮನೆ ಇದ್ದವು, ಎಂಟು ಅಕ್ಷರ ಕೊನೆಯಲ್ಲಿ ಕೂತು, ಮುಂದಿನ ಮನೆಗಳು ಖಾಲಿ ಉಳಿದಿದ್ದವು. ಪ್ರೋಗ್ರಾಮು ಆ ಖಾಲಿ ಮನೆಗಳನ್ನೂ ಎಣಿಸುತ್ತಿತ್ತು. ಹನ್ನೆರಡು ಸಲ ಸ್ಪೇಸ್ ಒತ್ತಿ ಎಂಟು ಅಕ್ಷರ ಬರೆದೆ. ತೂಕ ಶುರುವಾಯಿತು.

ಮರುದಿನ ಈ ಕಥೆಯನ್ನು ಖುಷಿಯಿಂದ ಆಫೀಸಿನಲ್ಲಿ ಹೇಳಿದೆ. ನನ್ನ ಮೇಲಧಿಕಾರಿ ಸುಮಂಗಲಾ ಮೇಡಂ ನನಗಿಂತ ಐದು ವರ್ಷ ಚಿಕ್ಕವರು. ಮನೆಯಲ್ಲಿ ತೆಲುಗು, ಆಫೀಸಿನಲ್ಲಿ ಬಳ್ಳಾರಿ ಕನ್ನಡ. ನಗು ಕಡಿಮೆ. “ಸರೇ,” ಎಂದರು. “ಇನ್ನ ಮುಂದ ‘ಪಾಸ್ ಆತು’ ಅಂತ ಬರೀಬ್ಯಾಡ್ರಿ. ಏನ್ ಕೊಟ್ರಿ, ಏನ್ ಬಂತು, ಅದನ್ನ ಬರೀರಿ.”

ಎರಡು ಮೂರು ವರ್ಷ ಹಾಗೆಯೇ ಬರೆದೆ. ಆಮೇಲೆ ಕೆಲಸದ ರೀತಿ ಬದಲಾಯಿತು. ಕೈಯಿಂದ ಮಾಡುತ್ತಿದ್ದ ಪರೀಕ್ಷೆಗಳನ್ನು ಸ್ಕ್ರಿಪ್ಟುಗಳು, ಅಂದರೆ ತಾವಾಗಿಯೇ ಓಡುವ ಸಣ್ಣ ಪ್ರೋಗ್ರಾಮುಗಳು, ಮಾಡತೊಡಗಿದವು. ದಿನಕ್ಕೆ ಹತ್ತು ಪರೀಕ್ಷೆ ಮಾಡುತ್ತಿದ್ದ ಕಡೆ ಸಾವಿರ ಆಗತೊಡಗಿದವು. ಬೆಳಿಗ್ಗೆ ಬಂದರೆ ಪರದೆಯ ತುಂಬ ಪಾಸಾದ ಹಸಿರು ಗುರುತು. ಸ್ಕ್ರಿಪ್ಟ್ ಬರೆದವನು ನಾನೇ. ಅದರಲ್ಲಿ ಕೊಟ್ಟ ಸೀರಿಯಲ್ ನಂಬರೂ ನನ್ನದೇ: ‘ಟೆಸ್ಟ್-001’. ಇಂಗ್ಲಿಷಿನಲ್ಲಿ ಎಂಟು ಅಕ್ಷರ. ಯಂತ್ರವನ್ನು ಆರಿಸಿ ಹೊತ್ತಿಸಿದರೂ, ಇನ್ನೊಂದು ಕಂಪ್ಯೂಟರಿಗೆ ಸಾಗಿಸಿದರೂ, ಓಡುತ್ತಿರುವಾಗಲೇ ಡಿಸ್ಕ್ ಕಿತ್ತು ಮತ್ತೆ ಹಾಕಿದರೂ ‘ಟೆಸ್ಟ್-001’ ಸರಿಯಾಗಿ ಒಳಗೆ ತಲುಪುತ್ತಿತ್ತು. ಇಪ್ಪತ್ತೊಂದನೆಯ ಅಕ್ಷರ ಕೊಟ್ಟರೆ ಏನಾಗುತ್ತದೆ ಎಂದು ನಾನು ಒಮ್ಮೆಯೂ ನೋಡಲಿಲ್ಲ. ಇಪ್ಪತ್ತು ಮನೆಯ ಲೆಕ್ಕ ಗೊತ್ತಿದ್ದವನೇ ನೋಡಲಿಲ್ಲ.

ಒಂದು ವರ್ಷ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಅದರಲ್ಲಿ ವೇಗವಾಗಿ ಓಡುವ ಹೊಸ ಬಗೆಯ ಡಿಸ್ಕ್ ಇತ್ತು. ನನ್ನ ವರದಿಯೆಲ್ಲ ಹಸಿರು. ಅದೇ ವಾರ ಖಾಜಾ ಫೋನ್ ಮಾಡಿದ. ಅವನೂ ಅಷ್ಟರಲ್ಲಿ ರಿಪೇರಿ ಬಿಟ್ಟು, ಆಸ್ಪತ್ರೆ ಶಾಲೆಗಳಿಗೆ ಇಂಥ ವ್ಯವಸ್ಥೆ ಹಾಕಿಕೊಡುತ್ತಿದ್ದ.

“ಸಿರುಗುಪ್ಪ ಆಸ್ಪತ್ರಿಗೆ ಹೊಸಾದು ಹಾಕಬೇಕು. ಡಿಸ್ಕ್ ನಂಬರ್ ಬರೋಬರಿ ಕೆಲಸ ಮಾಡ್ತದೇನು?”

“ಪಾಸ್ ಆಗೇತಿ. ಹಾಕು,” ಎಂದೆ.

ಸಿರುಗುಪ್ಪದ ಆ ಸಣ್ಣ ಆಸ್ಪತ್ರೆಗೆ ಥಲಸ್ಸೇಮಿಯಾ ಇರುವ ಮಕ್ಕಳು ಬರುತ್ತಿದ್ದರು. ಅವರ ದೇಹದಲ್ಲಿ ರಕ್ತ ನೆಟ್ಟಗೆ ತಯಾರಾಗುವುದಿಲ್ಲ. ಮೂರು ವಾರಕ್ಕೊಮ್ಮೆ ಹೊರಗಿನಿಂದ ಕೊಡಬೇಕು. ಕೊಡುತ್ತಾ ಹೋದಂತೆ ಕೆಲವು ಮಕ್ಕಳ ದೇಹ ಕೆಲವು ಬಗೆಯ ರಕ್ತಕ್ಕೆ ತಿರುಗಿಬೀಳುತ್ತದೆ. ಗುಂಪು ಹೊಂದಿದರೂ ಅಂಥ ರಕ್ತ ಕೊಡಬಾರದು. ಯಾವ ಮಗುವಿಗೆ ಯಾವುದು ಆಗದು ಎಂಬುದೆಲ್ಲ ಆಸ್ಪತ್ರೆಯ ಕಂಪ್ಯೂಟರಿನಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಪ್ರಯೋಗಾಲಯದ ಗಂಗಮ್ಮ.

ಆ ವರ್ಚುವಲ್ ಮಷಿನ್ನಿಗೆ ಎರಡು ಡಿಸ್ಕ್ ಇದ್ದವು. ಒಂದರಲ್ಲಿ ದಾಖಲೆ, ಇನ್ನೊಂದರಲ್ಲಿ ಅದರ ನಕಲು. ನಕಲು ಮಾಡುವ ಪ್ರೋಗ್ರಾಮು ದಿನಕ್ಕೊಮ್ಮೆ, ಜೊತೆಗೆ ಯಂತ್ರ ಹೊತ್ತಿಸಿದಾಗಲೆಲ್ಲ, ಎರಡನೆಯ ಡಿಸ್ಕನ್ನು ಅಳಿಸಿ ಹೊಸದಾಗಿ ಬರೆಯುತ್ತಿತ್ತು. ಯಾವುದು ಎರಡನೆಯದು ಎಂದು ಗುರುತಿಸಲು ಸೀರಿಯಲ್ ನಂಬರು. ಖಾಜಾ ಕೊಟ್ಟಿದ್ದ ನಂಬರುಗಳು ‘ಸಿರುಗುಪ್ಪ-ಹಾಸ್ಪಿಟಲ್-ಡಿಸ್ಕ್-1’ ಮತ್ತು ‘ಸಿರುಗುಪ್ಪ-ಹಾಸ್ಪಿಟಲ್-ಡಿಸ್ಕ್-2’. ಇಂಗ್ಲಿಷ್ ಅಕ್ಷರದಲ್ಲಿ ಎಣಿಸಿದರೆ ಇಪ್ಪತ್ತೈದು. ಹಳೆಯ ಬಗೆಯ ಡಿಸ್ಕು ಇಪ್ಪತ್ತೈದನ್ನೂ ತೋರಿಸುತ್ತಿತ್ತು. ಹೊಸದು ಇಪ್ಪತ್ತಕ್ಕೆ ಕತ್ತರಿಸಿ, ಯಾರಿಗೂ ಹೇಳದೆ ಸುಮ್ಮನಾಗುತ್ತಿತ್ತು. ಕತ್ತರಿಸಿದ ಮೇಲೆ ಎರಡು ಡಿಸ್ಕಿಗೂ ಒಂದೇ ಹೆಸರು. ಪ್ರೋಗ್ರಾಮು ಉದ್ದ ಹೆಸರನ್ನು ಗುರುತಿಸದೆ ಹೋದಾಗ ಖಾಜಾ ಒಳಗೆ ನೋಡಿ, ಅಲ್ಲಿ ಕಂಡ ಗಿಡ್ಡ ಹೆಸರನ್ನೇ ಬರೆದು ಸರಿಮಾಡಿದ್ದ. ಎರಡು ವಾರ ಏನೂ ಆಗಲಿಲ್ಲ.

ಒಂದು ದಿನ ಕರೆಂಟು ಹೋಗಿ ಬಂದಾಗ ಯಂತ್ರ ತಾನೇ ಹೊತ್ತಿಕೊಂಡಿತು. ಡಿಸ್ಕುಗಳು ಹಿಂದುಮುಂದಾಗಿ ಎದ್ದವು. ನಕಲು ಪ್ರೋಗ್ರಾಮು ಆ ಹೆಸರಿನಡಿ ಸಿಕ್ಕ ಡಿಸ್ಕನ್ನು ಅಳಿಸಿತು. ಅದು ದಾಖಲೆಯ ಡಿಸ್ಕು, ನಕಲು ಮಾಡಲು ಏನೂ ಉಳಿಯಲಿಲ್ಲ. ಗಂಗಮ್ಮ ಪರದೆ ಖಾಲಿ ನೋಡಿ, ನಾವೆಲ್ಲ ಹೇಳಿಕೊಟ್ಟಂತೆ, ಆಫ್ ಮಾಡಿ ಆನ್ ಮಾಡಿದರು. ಡಿಸ್ಕುಗಳು ಮತ್ತೆ ಅದಲುಬದಲಾದವು. ಪ್ರೋಗ್ರಾಮು ಎರಡನೆಯದನ್ನೂ ಅಳಿಸಿತು.

ಖಾಜಾ ಮತ್ತು ನಾನು ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋದೆವು. ಗಂಗಮ್ಮ ಪ್ರಯೋಗಾಲಯದ ಬಾಗಿಲಲ್ಲೇ ನಿಂತಿದ್ದರು.

“ನಾನಾ ಆಫ್ ಮಾಡಿ ಆನ್ ಮಾಡಿದ್ನಿರಿ,” ಎಂದರು. “ದೊಡ್ಡ ಡಾಕ್ಟ್ರು ಅದನ್ನಾ ಹಿಡ್ಕೊಂಡಾರ. ಮುಟ್ಟಬಾರದಿತ್ತು ಅಂತಾರ. ಸೋಮವಾರ ಆಸ್ಪತ್ರಿ ಕಮಿಟಿ ಐತಿ. ನನ್ನ ಕೆಲಸ ಇರೋದಿಲ್ಲ.”

ನಾನು ಕೂತು ಹೊರಗಿನ ಸೆಟ್ಟಿಂಗ್ ತೆರೆದು ನೋಡಿದೆ. ಆಮೇಲೆ ಒಳಗಿನ ಹೆಸರು ನೋಡಿದೆ. ಅಕ್ಷರ ಎಣಿಸಿದೆ. ಇಪ್ಪತ್ತಕ್ಕೆ ಬೆರಳು ನಿಂತಿತು.

ಮರುದಿನ ಸುಮಂಗಲಾ ಮೇಡಂಗೆ ಎಲ್ಲ ಹೇಳಿದೆ. ಅವರು ಡಿಸ್ಕಿನ ನಿಯಮಾವಳಿ ತೆಗೆದು ಓದಿದರು. ಆ ಬಗೆಯ ಡಿಸ್ಕಿಗೆ ಸೀರಿಯಲ್ ನಂಬರಿನ ಉದ್ದ ಇಪ್ಪತ್ತು ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

“ಕಾಗದದ ಮ್ಯಾಲೆ ನಾವು ಸರಿ ಅದೀವಿ,” ಎಂದರು. “ಉದ್ದ ಕೊಟ್ಟಿದ್ದು ಅವರ ತಪ್ಪು. ನಮ್ಮ ವರದಿ ಕಡೆ ಯಾರೂ ಬೊಟ್ಟು ಮಾಡಾಕಾಗಲ್ಲ.”

“ಸೋಮವಾರ ಆ ಹೆಣ್ಮಗಳ ಕೆಲಸ ಹೋಗ್ತೈತಿ ಮೇಡಂ.”

ಅವರು ನಿಯಮಾವಳಿ ಮುಚ್ಚಿದರು. “ನೀವು ಏನ್ ಬರೀಬೇಕಂತೀರಿ?”

“ಹೆಂಗ ಆತು ಅಂತ ಬರೀತೀನಿ. ನಾ ಉದ್ದದ ನಂಬರು ಪರೀಕ್ಷೆ ಮಾಡಿರಲಿಲ್ಲ, ಮಾಡದನಾ ಹಾಕು ಅಂತ ಹೇಳಿದೆ ಅಂತ ಬರೀತೀನಿ.”

“ಮ್ಯಾಲಿನವರು ನಿಮ್ಮನ್ನ ಬಿಡಲ್ಲ.”

“ಗೊತ್ತೈತ್ರಿ.”

ಎರಡು ಪುಟ ಬರೆದೆ. ಅವರು ಓದಿ, ಒಂದು ವಾಕ್ಯವನ್ನು ಇನ್ನೂ ನೇರ ಮಾಡಿದರು. ನನ್ನ ರುಜುವಿನ ಕೆಳಗೆ ತಮ್ಮ ರುಜು ಹಾಕಿದರು. ಹಾಕಬೇಕೆಂದು ನಾನು ಕೇಳಿರಲಿಲ್ಲ. “ಸ್ಕ್ರಿಪ್ಟ್ ನೋಡಿ ಒಪ್ಪಿದ್ದು ನಾನು,” ಎಂದಷ್ಟೇ ಹೇಳಿದರು. ಮುಂದೆ ನಮ್ಮಿಬ್ಬರಿಗೂ ಅದಕ್ಕೆ ಶಿಕ್ಷೆ ಸಿಕ್ಕಿತು, ಕೆಲಸ ಮಾತ್ರ ಉಳಿಯಿತು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಸೋಮವಾರ ಕಮಿಟಿಯವರು ಆ ಕಾಗದವನ್ನು ಎರಡು ಸಲ ಓದಿಸಿದರು. ಅಧ್ಯಕ್ಷರು, “ಅಂದ್ರ ಗಂಗಮ್ಮ ಮುಟ್ಟದಿದ್ರೂ ಹೋಗ್ತಿತ್ತು?” ಎಂದು ಕೇಳಿದರು. “ಇವತ್ತಲ್ಲದಿದ್ರ ನಾಳಿ, ಮತ್ತೊಮ್ಮೆ ಕರೆಂಟ್ ಹೋದಾಗ ಹೋಗ್ತಿತ್ರಿ,” ಎಂದೆ. ಗಂಗಮ್ಮನ ಕೆಲಸ ಉಳಿಯಿತು. ಅವರು ಹೊರಗೆ ಬಂದರು. ನೇರ ಪ್ರಯೋಗಾಲಯಕ್ಕೆ ಹೋಗಿ, ಮಕ್ಕಳ ಹೆಸರು ಬರೆದಿಟ್ಟಿದ್ದ ಪಟ್ಟಿ ತಂದರು.

“ಈ ಕೂಸುಗಳ ದಾಖಲೆ ಮತ್ತ ಮಾಡಬೇಕು. ಬರ್ತೀರಿ?”

ನಾನು ರಜೆ ಹಾಕಿ ಎಂಟು ದಿನ ಸಿರುಗುಪ್ಪಕ್ಕೆ ಓಡಾಡಿದೆ. ಗಂಗಮ್ಮ ತಾಯಂದಿರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಕೆಲವರು ಪ್ಲಾಸ್ಟಿಕ್ ಚೀಲದಲ್ಲಿ ಆಸ್ಪತ್ರೆಯ ಎಲ್ಲ ಚೀಟಿ ಕಟ್ಟಿಟ್ಟಿದ್ದರು. ಒಬ್ಬರು ಚೀಟಿಗಳನ್ನು ತಾರೀಖಿನ ಪ್ರಕಾರ ದಾರದಲ್ಲಿ ಪೋಣಿಸಿದ್ದರು. ತಾಯಂದಿರು ಓದುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ, ಗಂಗಮ್ಮ ಪಕ್ಕದಲ್ಲಿ ಕೂತು ಹೋಲಿಸುತ್ತಿದ್ದರು. ಎಂಟನೆಯ ದಿನ ಒಂದು ಹೆಸರು ಮಾತ್ರ ಉಳಿಯಿತು. ಪಲ್ಲವಿ, ಒಂಬತ್ತು ವರ್ಷ, ಕುರುಗೋಡು. ಅವಳಿಗೆ ರಕ್ತ ಕೊಡುವ ದಿನ ಆಗಲೇ ದಾಟಿತ್ತು.

“ಹೊಸಾ ಪರೀಕ್ಷೆ ಮಾಡಿದ್ರ ಆಗಲ್ವೇನ್ರಿ?” ಎಂದು ಕೇಳಿದೆ.

“ಹಿಂದ ಮೈ ಯಾವುದಕ್ಕ ತಿರುಗಿಬಿದ್ದಿತ್ತು ಅಂತ ಅದ್ರಾಗ ಕಾಣದಾನೂ ಇರಬೌದು,” ಎಂದರು ಗಂಗಮ್ಮ. “ಕಾಣಲಿಲ್ಲ ಅಂತ ಕೊಟ್ಟುಬಿಟ್ರ, ಮೈ ಒಳಗ ಅದು ಮತ್ತ ಎದ್ದು ಕೂಡ್ತೈತಿ. ಹಳೇ ದಾಖಲೆನಾ ಬೇಕು.”

ನನ್ನದೇ ಊರು. ಗಂಗಮ್ಮನನ್ನು ಕರೆದುಕೊಂಡು ಹೋದೆ. ಪಲ್ಲವಿ ಹೊರಸಿನ ಮೇಲೆ ಮಲಗಿದ್ದಳು. ತುಟಿ ಬೆಳ್ಳಗಿದ್ದವು. ತಾಯಿ ರೇಣುಕಾ ನಮ್ಮನ್ನು ಕೂಡಿಸಿ ನೀರು ಕೊಟ್ಟರು. ಚೀಟಿ ಇದೆಯೇ ಎಂದರೆ ಇಲ್ಲವೆಂದು ತಲೆಯಾಡಿಸಿದರು.

“ಕಂಪ್ಯೂಟರ್ನ್ಯಾಗ ಐತಿ, ಕಾಗದ ಬ್ಯಾಡ ಅಂದ್ರಲ್ರಿ ನೀವಾ. ಮನಿ ಬದಲಿ ಮಾಡುವಾಗ ಒಗದ್ವಿ.” ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಆ ಕಂಪ್ಯೂಟರ್ ಸರಿ ಐತೋ ಇಲ್ಲೋ ಅಂತ ಯಾರೂ ನೋಡಿರಲಿಲ್ಲೇನ್ರಿ?”

“ನೋಡೋ ಕೆಲಸ ನಂದಾ ಇತ್ರಿ,” ಎಂದೆ. “ನಾ ಸರಿಯಾಗಿ ನೋಡಲಿಲ್ಲ.”

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ಮಗಳ ಕಾಲು ಒತ್ತತೊಡಗಿದರು. ಗಂಗಮ್ಮ ಕೇಳಿದರು: “ಎಂದರ ರಕ್ತ ಏರಿಸುವಾಗ ಚಳಿ ಬಂದಿತ್ತೇನವಾ? ಮೂತ್ರ ಕೆಂಪಗಾಗಿತ್ತಾ?”

“ಆಗಿತ್ತಲ್ರಿ. ಎರಡನೇ ಕ್ಲಾಸಿನ್ಯಾಗ ಇದ್ದಾಗ, ಸಾಲಿ ಆಗಷ್ಟಾ ಚಾಲೂ ಆಗಿತ್ತು. ಆವತ್ತು ಸಿರುಗುಪ್ಪದಾಗ ರಕ್ತ ಇಲ್ಲಂತ ಬಳ್ಳಾರಿಗೆ ಕಳಿಸಿದ್ರು. ಅಲ್ಲಿ ಏರಿಸುವಾಗ ಗಡಗಡ ನಡುಗಿದ್ಲು. ಮೂರು ದಿನ ಇಟ್ಕೊಂಡ್ರು. ಏನೋ ಪರೀಕ್ಷೆ ಮಾಡಿ ಸಿರುಗುಪ್ಪಕ್ಕ ಚೀಟಿ ಬರದು ಕೊಟ್ರು.”

ಬಳ್ಳಾರಿಯ ಆ ಆಸ್ಪತ್ರೆಗೆ ಆ ಮಧ್ಯಾಹ್ನವೇ ಹೋದೆವು. ಅಲ್ಲಿನ ಪ್ರಯೋಗಾಲಯದವರು ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿಕೊಟ್ಟರು. ರೇಣುಕಾ ಹೇಳಿದ್ದು ಎರಡನೇ ಕ್ಲಾಸು, ಶಾಲೆ ಆಗತಾನೇ ಶುರುವಾಗಿತ್ತು ಎಂದಷ್ಟೇ. ಗಂಗಮ್ಮ ಒಂದು ಪುಸ್ತಕ, ನಾನೊಂದು. ನಾಲ್ಕು ಗಂಟೆಯ ಹೊತ್ತಿಗೆ ಗಂಗಮ್ಮನ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಪಲ್ಲವಿ, ತಂದೆಯ ಹೆಸರು, ಕುರುಗೋಡು. ಅದರ ಮುಂದೆ ಕೆಂಪು ಶಾಯಿಯಲ್ಲಿ ಅವಳಿಗೆ ಆಗದ ರಕ್ತದ ಬಗೆ. ಆ ಬೆಳಿಗ್ಗೆ ಕುರುಗೋಡಿನಲ್ಲಿ ಗಂಗಮ್ಮ ತೆಗೆದುಕೊಂಡಿದ್ದ ಅವಳ ರಕ್ತವನ್ನು ಬಳ್ಳಾರಿಯಲ್ಲಿ ಪರೀಕ್ಷಿಸಿದಾಗ ಅದು ಕಂಡಿರಲಿಲ್ಲ. ಗಂಗಮ್ಮ ಆ ಸಾಲನ್ನು ತಮ್ಮ ಪಟ್ಟಿಯಲ್ಲಿ ಬರೆದುಕೊಂಡರು. ಮರುದಿನ ಹೊಂದುವ ರಕ್ತ ಹುಡುಕಿ ಏರಿಸಿದರು. ಸಂಜೆ ಪಲ್ಲವಿ ಎದ್ದು ಕೂತು, ಹಸಿವಾಗಿದೆ ಎಂದಳಂತೆ.

ಇನ್ನು ಸಾಫ್ಟ್‌ವೇರಿನ ಮಾತು. ದೋಷ ಬರೆದು ಕಳಿಸಿದೆ. ಸಾಫ್ಟ್‌ವೇರ್ ಮಾಡಿದವರು, “ನಿಯಮದ ಪ್ರಕಾರ ಇಪ್ಪತ್ತು. ಇದು ದೋಷವಲ್ಲ,” ಎಂದು ಬರೆದು ಆ ದೂರನ್ನು ಮುಚ್ಚಿದರು. ಮತ್ತೆ ತೆರೆದೆ. ಮತ್ತೆ ಮುಚ್ಚಿದರು. ಮೂರನೆಯ ಸಲ ಬರೆದೆ: “ಕತ್ತರಿಸಬೇಡಿ ಎನ್ನುತ್ತಿಲ್ಲ. ಕತ್ತರಿಸಿ ಸುಮ್ಮನಿರಬೇಡಿ. ಉದ್ದವಾದರೆ ಡಿಸ್ಕನ್ನೇ ಒಪ್ಪಬೇಡಿ, ಯಾಕೆಂದು ಹೇಳಿ.” ಆಗ ಅವರು ನ್ಯಾಯವಾದ ಒಂದು ಮಾತು ಹೇಳಿದರು. ಈಗಾಗಲೇ ಉದ್ದದ ನಂಬರು ಕೊಟ್ಟವರು ಎಷ್ಟೋ ಮಂದಿ ಇರಬಹುದು. ಒಪ್ಪದೆ ಹೋದರೆ ಅವರ ಯಂತ್ರಗಳೆಲ್ಲ ನಿಂತುಬಿಡುತ್ತವೆ. ಅದಕ್ಕೆ ಸುಮಂಗಲಾ ಮೇಡಂ ಫೋನಿನಲ್ಲಿ ಉತ್ತರ ಕೊಟ್ಟರು.

“ನಿಲ್ಲಲಿ ಬಿಡ್ರಿ. ನಿಂತ್ರ ಫೋನ್ ಮಾಡಿ ಬೈತಾರ, ಹೆಸರು ಗಿಡ್ಡ ಮಾಡ್ಕೋತಾರ. ನಿಲ್ಲದಿದ್ರ ಅಳಿಸಿ ಹೋದ ಮ್ಯಾಲೆ ಫೋನ್ ಮಾಡ್ತಾರ. ಯಾವ ಫೋನ್ ಬೇಕು ನಿಮಗ?”

ಎರಡು ಆವೃತ್ತಿ ಕಳೆದ ಮೇಲೆ ಅದು ಜಾರಿಗೆ ಬಂತು. ಅಷ್ಟರಲ್ಲಿ ನಾನು ಸ್ಕ್ರಿಪ್ಟನ್ನು ಬದಲಿಸಿದ್ದೆ. ಖಾಲಿ ನಂಬರು, ಬರೀ ಸ್ಪೇಸು, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು ಅಕ್ಷರ, ಕೊನೆಯ ಒಂದೇ ಅಕ್ಷರ ಬೇರೆಯಿರುವ ಜೋಡಿ, ಎರಡು ಡಿಸ್ಕಿಗೂ ಒಂದೇ ನಂಬರು. ಬ್ರೂಸ್‌ಪೇಟೆಯ ಅಂಗಡಿಗಳಿಗೆ ಹೋಗಿ ಖಾಜಾ ಜೊತೆ ಹಳೆಯ ಡಿಸ್ಕುಗಳ ನಿಜವಾದ ನಂಬರುಗಳನ್ನೂ ಬರೆದುಕೊಂಡು ಬಂದೆ. ಈ ಪಟ್ಟಿ ಈಗ ನಿಮ್ಮ ಕೈಗೆ ಬಂದಿರಬಹುದು. ಅದರಲ್ಲಿ ಕೆಲವು ಸಾಲು ವಿಚಿತ್ರವೆನಿಸಿದರೆ ಅಳಿಸುವ ಮೊದಲು ಯಾರನ್ನಾದರೂ ಕೇಳಿ.

ನಿವೃತ್ತಿಗೆ ಒಂದು ತಿಂಗಳಿದ್ದಾಗ ಸಿರುಗುಪ್ಪದಿಂದ ಫೋನ್ ಬಂತು. ಗಂಗಮ್ಮನ ದನಿಯಲ್ಲಿ ಸಿಟ್ಟಿತ್ತು.

“ಎರ್ರಿಸ್ವಾಮಿಯವರ, ಎಕ್ಸರೇಕ್ಕ ಅಂತ ಹೊಸಾ ಡಿಸ್ಕ್ ಹಾಕಾಕ ಹತ್ತೀವ್ರಿ. ನಿಮ್ಮದು ಒಲ್ಲೆ ಅಂತೈತಿ. ಹೊರಗ ಮಂದಿ ಕುಂತಾರ.”

“ಪರದಿ ಮ್ಯಾಲೆ ಏನ್ ಬಂದೈತಿ ಓದ್ರಿ.”

ಅವರು ನಿಧಾನವಾಗಿ ಓದಿದರು. ಹೆಸರು ಇಪ್ಪತ್ತು ಅಕ್ಷರ ಮೀರಿದೆ, ಡಿಸ್ಕನ್ನು ಜೋಡಿಸಿಲ್ಲ ಎಂದಿತ್ತು. ಓದಿ ಮುಗಿಸಿದ ಮೇಲೆ ದನಿ ಇಳಿಯಿತು.

“ಆವತ್ತೂ ಹಿಂಗ ಒಲ್ಲೆ ಅಂದಿದ್ರ?”

“ಅಂದಿದ್ರ ಏನೂ ಆಗ್ತಿರಲಿಲ್ರಿ.”

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿಸಿತು. “ಗಿಡ್ಡ ಹೆಸರು ಹಾಕಿದ್ನಿ. ತಗೊಂತು,” ಎಂದರು.

“ಪಲ್ಲವಿ ಹೆಂಗದಾಳ್ರಿ?” ಎಂದು ಕೇಳಿದೆ.

“ಹತ್ತನೇ ಕ್ಲಾಸು. ಪರೀಕ್ಷೆ ಅದಾವಂತ, ಈ ಸಲ ಎರಡು ದಿನ ಮೊದಲಾ ಬಂದಾಳ. ಇಲ್ಲೇ ಅದಾಳ, ರಕ್ತ ಏರಿಸಾಕ ಹತ್ತೀವಿ. ಒಂದು ಕೈಯಾಗ ಸೂಜಿ ಐತಿ, ಇನ್ನೊಂದು ಕೈಯಾಗ ಪುಸ್ತಕ ಹಿಡಕೊಂಡಾಳ. ಮಾತಾಡ್ಸಬ್ಯಾಡ್ರಿ ಅಂತಾಳ. ಫೋನ್ ಇಡ್ಲೇನ್ರಿ?”

“ಇಡ್ರಿ,” ಎಂದೆ.